ಪಂಜರದ ಇಲಿಯ ಸಾಕ್ಷ್ಯ

ಕನ್ನಡ ನಾಡಿನ ಗೃಹಸ್ಥನಿಗೆ ಇಲಿಯ ಪರಿಚಯವು ಎರಡು ಬಗೆಯಾಗಿ ಉಂಟು. ಭಾದ್ರಪದದ ಚೌತಿಯಂದು ಅದು ಗಣಪತಿಯ ಪಾದದ ಬಳಿ ಕುಳಿತು ಗರಿಕೆಯಲ್ಲಿಯೂ ಕಡುಬಿನಲ್ಲಿಯೂ ಪಾಲು ಪಡೆಯುತ್ತದೆ. ಮರುದಿನ ಕಣಜದ ಮೂಲೆಯಲ್ಲಿ ಕಾಣಿಸಿಕೊಂಡಿತೆಂದರೆ ಬೋನಿಗೂ ಪಾಷಾಣಕ್ಕೂ ಗುರಿಯಾಗುತ್ತದೆ. ಹಿರಿಯರ ಬಾಯಿಂದ ಹಳೆಯ ಕಥೆಗಳನ್ನು ಕೇಳಿದವರಿಗೆ ಮೂರನೆಯದೊಂದು ಪರಿಚಯವೂ ಇದ್ದೀತು. ಅದು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗಿನದು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಾಗಿಲಿಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು.

ಇವೆಲ್ಲಕ್ಕೂ ಹೊರತಾದ ಇನ್ನೊಂದು ಇಲಿಯುಂಟು. ಅದು ಕಣಜವನ್ನು ಕಂಡುದಲ್ಲ, ಬಿಲವನ್ನು ತೋಡಿದುದಲ್ಲ. ಅದರ ತಾಯಿಯೂ ತಾಯಿಯ ತಾಯಿಯೂ ಪ್ರಯೋಗಶಾಲೆಯ ಪಂಜರದಲ್ಲಿ ಹುಟ್ಟಿ ಅಲ್ಲಿಯೇ ಮಡಿದುವು. ಮನೆಮನೆಯ ಮದ್ದಿನ ಪೆಟ್ಟಿಗೆಯಲ್ಲಿರುವ ಗುಳಿಗೆಗಳ ಪೈಕಿ ಅದರ ಸಾಕ್ಷ್ಯವನ್ನು ಕೇಳದೆ ಬಂದವು ಬಹಳ ವಿರಳ. ಆದರೂ ಆ ಸಾಕ್ಷಿಯ ಮುಖವನ್ನು ಕಂಡ ಗೃಹಸ್ಥನು ಸಾವಿರಕ್ಕೊಬ್ಬನೂ ಇಲ್ಲ.

ಈ ಕಾಣದ ಪ್ರಾಣಿಯ ವಿಷಯದಲ್ಲಿ ವಿದ್ಯಾವಂತರಲ್ಲಿ ಎರಡು ಬಗೆಯ ಔದಾಸೀನ್ಯವು ಬೇರೂರಿದೆ. ಒಂದು ಪಕ್ಷದವರು, "ಇಲಿಯಲ್ಲವೆ, ಅದಕ್ಕೇನು?" ಎಂದು ಕೈಕೊಡವುತ್ತಾರೆ. ಇನ್ನೊಂದು ಪಕ್ಷದವರು, "ಪ್ರಾಣಿಗಳ ಮೇಲಣ ಪ್ರಯೋಗವೇ ಪಾಪ, ಪಾಪದಲ್ಲಿ ಹೆಚ್ಚೇನು, ಕಡಮೆಯೇನು?" ಎಂದು ಮುಖ ತಿರುಗಿಸುತ್ತಾರೆ. ಮೊದಲನೆಯದು ನಿರ್ದಯೆಯ ಔದಾಸೀನ್ಯ, ಎರಡನೆಯದು ಶುಚಿತ್ವದ ಔದಾಸೀನ್ಯ. ಪಂಜರದೊಳಗಿರುವ ಪ್ರಾಣಿಗೆ ಮಾತ್ರ ಎರಡರ ಫಲವೂ ಒಂದೇ. ಇಲಿಯ ಕ್ಷೇಮವನ್ನು ಕಾಯುವುದು ಶಾಸ್ತ್ರವು ತೆರಬೇಕಾದ ದಂಡವಲ್ಲ, ಶಾಸ್ತ್ರದ ಸತ್ಯಕ್ಕೇ ಅದು ಆಧಾರ ಎಂಬುದನ್ನು ಈ ಎರಡು ಪಕ್ಷದವರೂ ಮರೆತಿದ್ದಾರೆ.

ಮೊದಲು ಋಣದ ಲೆಕ್ಕವನ್ನು ನೋಡಬೇಕು. ಪ್ಲೇಗು ಹೇಗೆ ಹರಡುವುದೆಂಬುದನ್ನು ಲೋಕವು ಅರಿಯದೆ ತತ್ತರಿಸುತ್ತಿದ್ದಾಗ, 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಚಿಗಟಗಳಿದ್ದ ರೋಗಪೀಡಿತ ಇಲಿಯೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟನು. ಅದೇ ಪಾತ್ರೆಯೊಳಗೆ, ರೋಗಿಯ ಮೈ ಸೋಕದಂತೆ, ಸಣ್ಣ ತಂತಿಯ ಪಂಜರದಲ್ಲಿ ಆರೋಗ್ಯವುಳ್ಳ ಇನ್ನೊಂದು ಇಲಿಯನ್ನು ತೂಗುಹಾಕಿದನು. ಕೆಲವೇ ದಿನಗಳಲ್ಲಿ ಅದೂ ಪ್ಲೇಗಿನಿಂದ ಸತ್ತಿತು. ರೋಗವನ್ನು ಒಯ್ಯುವುದು ಚಿಗಟವೆಂಬುದು ಆ ಎರಡು ಇಲಿಗಳಿಂದ ತಿಳಿಯಿತು. 1940ನೆಯ ಇಸವಿ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ ಮತ್ತು ಆತನ ಸಂಗಡಿಗರು ಎಂಟು ಚಿಟ್ಟಿಲಿಗಳಿಗೆ ಮಾರಕವಾದ ರೋಗಾಣುಗಳನ್ನು ಚುಚ್ಚಿ, ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮದ್ದಿಲ್ಲದ ನಾಲ್ಕೂ ಸತ್ತಿದ್ದುವು. ಮದ್ದು ಪಡೆದವು ಬದುಕಿದ್ದುವು. ಅಂದಿನಿಂದ ಎಷ್ಟು ಬಾಣಂತಿಯರೂ ಎಷ್ಟು ಹಸುಳೆಗಳೂ ಆ ಒಂದು ರಾತ್ರಿಯ ಫಲದಿಂದ ಉಳಿದರೆಂಬುದನ್ನು ಲೆಕ್ಕ ಹಾಕುವವರಾರು? ಇಂತಹ ಋಣವನ್ನು ಹೊತ್ತವರು, ಸಾಲ ಕೊಟ್ಟವನು ಅಲ್ಪನೆಂದು ಹೇಳಿ ಸಾಲವನ್ನೇ ಅಲ್ಲಗಳೆಯುವುದು ಧರ್ಮವೂ ಅಲ್ಲ, ಮರ್ಯಾದೆಯೂ ಅಲ್ಲ.

ಹಾಗಾದರೆ ಈ ಪ್ರಾಣಿಯು ಬಾಳುವ ಬಗೆ ಯಾವುದು? ಪ್ರಯೋಗಶಾಲೆಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು: ಕೆಲವೇ ತೊಲೆ ತೂಗುವ ಚಿಟ್ಟಿಲಿ, ಮತ್ತು ಅದಕ್ಕಿಂತ ಎಷ್ಟೋ ಪಾಲು ಹಿರಿದಾದ ದೊಡ್ಡ ಇಲಿ. ಅಮೆರಿಕದ ಪ್ರಯೋಗಶಾಲೆಗಳ ಮಾರ್ಗದರ್ಶಿ ಗ್ರಂಥವು, ಗುಂಪಿನಲ್ಲಿರುವ, 25 ಗ್ರಾಂ ಮೀರಿದ ಒಂದು ಚಿಟ್ಟಿಲಿಗೆ ಕನಿಷ್ಠವೆಂದು ಹೇಳುವ ನೆಲವು ಸುಮಾರು 97 ಚದರ ಸೆಂಟಿಮೀಟರು. ಅದು ಒಂದು ಅಂಚೆ ಕಾರ್ಡಿನಷ್ಟೂ ಅಗಲವಲ್ಲ. ಯೂರೋಪಿನ 2010ರ ನಿಬಂಧನೆಯಂತೆ ದೊಡ್ಡ ಇಲಿಯ ಪಂಜರದ ಕನಿಷ್ಠ ಎತ್ತರವು 18 ಸೆಂಟಿಮೀಟರು. ಬೆಳೆದ ಇಲಿಯು ಅದರಲ್ಲಿ ಹಿಂಗಾಲ ಮೇಲೆ ನೆಟ್ಟಗೆ ನಿಲ್ಲಲಾರದು. ಕೆನಡಾ ದೇಶದಲ್ಲಿ ಮಕೋವ್ಸ್ಕಾ ಮತ್ತು ವೀರಿ ಎಂಬ ಪರಿಶೋಧಕರು 2016ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಅವಕಾಶವಿದ್ದ ಇಲಿಗಳು ದಿನವೂ ಮತ್ತೆ ಮತ್ತೆ ನೆಟ್ಟಗೆ ನಿಂತುವು. ಮುಪ್ಪಡರಿ ಹತ್ತುವುದು ಕಡಮೆಯಾದ ಮೇಲೂ ಬಿಲ ತೋಡುವುದನ್ನು ಬಿಡಲಿಲ್ಲ. ಸಾಮಾನ್ಯ ಪಂಜರದ ಇಲಿಗಳಾದರೋ ನಿಲ್ಲಲಾರದೆ, ಮಲಗಿದಲ್ಲಿಯೇ ಅಡ್ಡಡ್ಡಲಾಗಿ ಮೈಯನ್ನು ಚಾಚಿ ಚಾಚಿ ತೃಪ್ತಿಪಡುತ್ತಿದ್ದುವು. ಇಲಿಗೆ ಅದೇ ಮನೆ. ಪ್ರಯೋಗವು ಒಂದು ಗಳಿಗೆಯದು, ಒಂದು ದಿನದ್ದು, ಪಂಜರವು ಜೀವಮಾನದ್ದು. ಕತ್ತರಿ ಸೂಜಿಗಳನ್ನು ಕಂಡು ಮರುಗುವವರು ಕೂಡ ಬರಿಯ ಪಂಜರವನ್ನು ಕಂಡು ಮರುಗುವುದಿಲ್ಲ.

ಈಗ ಮೊದಲನೆಯ ಆಕ್ಷೇಪಕ್ಕೆ ಬರೋಣವಾಗಲಿ. ಪ್ರಾಣಿಯು ಚಿಕ್ಕದು, ಆದುದರಿಂದ ಅದರ ನೋವೂ ಚಿಕ್ಕದು ಎಂಬ ಭಾವನೆಯು ಹಲವರಲ್ಲಿ ಉಂಟು. ನೋವನ್ನು ಮೈಯ ಅಳತೆಯಿಂದ ಅಳೆಯುವುದಾದರೆ ಕೂಸಿನ ನೋವು ತಂದೆಯ ನೋವಿನ ಹತ್ತರಲ್ಲೊಂದು ಪಾಲಾಗಬೇಕು. ಯಾವ ತಾಯಿಯೂ ಈ ಗಣಿತವನ್ನು ಒಪ್ಪಲಾರಳು. ಊಹೆಯನ್ನು ಬಿಟ್ಟು ಪ್ರಮಾಣವನ್ನೇ ನೋಡುವುದಾದರೂ ಮಾತು ಬೇರೆಯಾಗುವುದಿಲ್ಲ. 2010ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ನೋವಿನಲ್ಲಿರುವ ಚಿಟ್ಟಿಲಿಯ ಮುಖಚರ್ಯೆಯನ್ನು ಓದುವ ಒಂದು ಮಾಪನವನ್ನು ರಚಿಸಿದರು. ಕಣ್ಣು ಕಿರಿದಾಗುವುದು, ಮೂಗೂ ಕೆನ್ನೆಯೂ ಉಬ್ಬುವುದು, ಕಿವಿಯೂ ಮೀಸೆಯೂ ನೆಲೆ ಬದಲಿಸುವುದು, ಇವೇ ಅದರ ಅಕ್ಷರಗಳು. ನೋವು ಮರೆಸುವ ಮದ್ದನ್ನು ಕೊಟ್ಟೊಡನೆ ಆ ಚರ್ಯೆಯು ಅಳಿಯುತ್ತದೆ. 2011ರಲ್ಲಿ ಷಿಕಾಗೋ ನಗರದ ವಿದ್ವಾಂಸರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಇಕ್ಕಟ್ಟಾದ ಕೊಳವೆಯಲ್ಲಿ ಸಿಕ್ಕಿಬಿದ್ದ ಒಡನಾಡಿಯನ್ನು ಕಂಡ ದೊಡ್ಡ ಇಲಿಯು, ಯಾರೂ ಕಲಿಸದಿದ್ದರೂ ಬಾಗಿಲನ್ನು ತೆರೆಯುವ ಉಪಾಯವನ್ನು ಕಂಡುಕೊಂಡು ಅದನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೆಟ್ ಇಟ್ಟಾಗಲೂ ಗೆಳೆಯನನ್ನು ಬಿಡಿಸುವುದನ್ನು ಮರೆಯಲಿಲ್ಲ. ಅನೇಕ ವೇಳೆ ತಿನಿಸಿನಲ್ಲಿ ಅದಕ್ಕೂ ಪಾಲನ್ನು ಉಳಿಸಿತು. ಇಂತಹ ಪ್ರಾಣಿಯನ್ನು ಅಲ್ಪಪ್ರಾಣಿಯೆಂದು ಕರೆಯುವವರು ತಮ್ಮ ಅಳತೆಗೋಲನ್ನೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಸೋಜಿಗವೇನೆಂದರೆ, ಈ ತಪ್ಪು ಅಳತೆಗೋಲು ಸಾಮಾನ್ಯ ಜನರ ಕೈಯಲ್ಲಿ ಮಾತ್ರವಲ್ಲ, ಶಾಸನಗಳ ಕೈಯಲ್ಲಿಯೂ ಉಂಟು. ಅಮೆರಿಕದಲ್ಲಿ ಸಾಕುನಾಯಿಗಳನ್ನು ಕದ್ದು ಪ್ರಯೋಗಶಾಲೆಗಳಿಗೆ ಮಾರುತ್ತಿದ್ದ ಸುದ್ದಿಯಿಂದ ಜನರು ಕೆರಳಿ, 1966ರಲ್ಲಿ ಪ್ರಯೋಗದ ಪ್ರಾಣಿಗಳನ್ನು ಕುರಿತ ಕಾಯಿದೆಯು ಹುಟ್ಟಿತು. ಅದೇ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯೊಂದು, ಪ್ರಯೋಗಕ್ಕೆಂದೇ ಬೆಳೆಸಿದ ಇಲಿ, ಚಿಟ್ಟಿಲಿ ಮತ್ತು ಹಕ್ಕಿಗಳನ್ನು "ಪ್ರಾಣಿ" ಎಂಬ ಶಬ್ದದ ಅರ್ಥದಿಂದಲೇ ಹೊರಗಿಟ್ಟಿತು! ಸರ್ಕಾರದ ಧನವನ್ನು ಪಡೆಯುವ ಸಂಸ್ಥೆಗಳಿಗೆ ಅಲ್ಲಿ ಬೇರೆ ನಿಯಮಗಳುಂಟು, ನಿಜ. ಆದರೆ ಆ ಕಾಯಿದೆಯ ವಾರ್ಷಿಕ ಎಣಿಕೆಯಲ್ಲಿ ಚಿಟ್ಟಿಲಿಗೆ ಸ್ಥಾನವಿಲ್ಲ. ಅತ್ಯಧಿಕ ಸಂಖ್ಯೆಯಲ್ಲಿ ಬಳಕೆಯಾಗುವ ಪ್ರಾಣಿಯೇ ಲೆಕ್ಕಕ್ಕೆ ಸಿಕ್ಕದ ಪ್ರಾಣಿಯಾಯಿತು. ನಾಯಿಗೆ ಒಡೆಯನಿದ್ದನು, ಕಣ್ಣೀರು ಸುರಿಸುವ ಮಕ್ಕಳಿದ್ದರು, ಇಲಿಗೆ ಯಾರಿದ್ದರು?

ಭಾರತದ ಶಾಸನವು ಇದಕ್ಕಿಂತ ಉದಾರವಾದುದು. ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರು ನಡೆಸಿದ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಇಲಿಯನ್ನು ಹೊರಗಿಡಲಿಲ್ಲ. ಪ್ರಯೋಗದ ಮುಂಚೆ, ಪ್ರಯೋಗದ ಕಾಲದಲ್ಲಿ ಮತ್ತು ಪ್ರಯೋಗದ ತರುವಾಯ, ಈ ಮೂರು ಕಾಲಗಳಲ್ಲಿಯೂ ಪ್ರಾಣಿಗೆ ಅನಾವಶ್ಯಕವಾದ ನೋವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಅದರ 17ನೆಯ ಕಲಮು ಒಂದು ಸಮಿತಿಯ ಮೇಲೆ ಹೊರಿಸಿತು. ಆ ಸಮಿತಿಯು 1964ರಲ್ಲಿ ರಚಿತವಾಯಿತು. 1998ರಲ್ಲಿ ವಿವರವಾದ ನಿಯಮಗಳು ಬಂದುವು. ಆದರೆ ಅದೇ 17ನೆಯ ಕಲಮಿನಲ್ಲಿ ಇನ್ನೊಂದು ಮಾತೂ ಉಂಟು. ಗಿನಿಹಂದಿ, ಮೊಲ, ಕಪ್ಪೆ, ಇಲಿ ಮುಂತಾದ ಸಣ್ಣ ಪ್ರಾಣಿಗಳಿಂದ ಅದೇ ಫಲವು ದೊರೆಯುವಂತಿದ್ದರೆ ದೊಡ್ಡ ಪ್ರಾಣಿಗಳ ಮೇಲೆ ಪ್ರಯೋಗ ಮಾಡಕೂಡದೆಂಬುದೇ ಆ ಮಾತು. ಕುದುರೆಯನ್ನೂ ನಾಯಿಯನ್ನೂ ಉಳಿಸಬೇಕೆಂಬ ದಯೆಯಿಂದಲೇ ಇದು ಹುಟ್ಟಿರಬಹುದು. ಆದರೆ ಹೊರೆಯನ್ನು ಎತ್ತಿನ ಬೆನ್ನಿನಿಂದ ಇಳಿಸಿ ಕರುವಿನ ಬೆನ್ನಿಗೆ ಹೇರಿದರೆ ಹೊರೆಯು ಹಗುರವಾದಂತಾಗುವುದೆ? ಇದಲ್ಲದೆ, ದೊಡ್ಡ ಪ್ರಾಣಿಗಳ ಪ್ರಯೋಗಕ್ಕೆ ಕೇಂದ್ರದ ಸಮಿತಿಯ ಅಪ್ಪಣೆ ಬೇಕು. ಇಲಿಗಳ ಪ್ರಯೋಗಕ್ಕೆ ಆಯಾ ಸಂಸ್ಥೆಯ ಒಳಗಿನ ನೀತಿಸಮಿತಿಯ ಒಪ್ಪಿಗೆ ಸಾಕು. ಇನ್ನು ಸಮಿತಿಯ ಆಜ್ಞೆಯನ್ನು ಮೀರಿದವನಿಗೆ 1960ರ ಕಾಯಿದೆಯು ಗೊತ್ತುಮಾಡಿದ ದಂಡವಾದರೋ 200 ರೂಪಾಯಿಗಳವರೆಗೆ ಮಾತ್ರ. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನು ಭವಭವಗಳಲ್ಲಿ ತೊಳಲಿದ ಕಥೆಯನ್ನು ಓದಿ ತಲೆದೂಗುವ ನಾಡಿನಲ್ಲಿ, ಜೀವವುಳ್ಳ ಇಲಿಯ ನೋವಿಗೆ ಕಟ್ಟಿದ ಬೆಲೆಯಿದು!

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಅದನ್ನು ಹೇಳುವವರು ನಿರ್ದಯರಲ್ಲ, ಶ್ರದ್ಧಾವಂತರಾದ ಶಾಸ್ತ್ರಜ್ಞರು. "ಎಲ್ಲ ಪಂಜರಗಳೂ ಒಂದೇ ಬಗೆಯಾಗಿ ಬರಿದಾಗಿದ್ದರೆ ತಾನೆ ಎಲ್ಲ ಫಲಗಳೂ ಒಂದಕ್ಕೊಂದು ಹೋಲುವುವು? ಗೂಡು, ಕೊಳವೆ, ಏಣಿ ಎಂದು ಸೇರಿಸುತ್ತ ಹೋದರೆ ಲೆಕ್ಕಾಚಾರವು ಕೆಡುವುದಿಲ್ಲವೆ? ಅದರ ವೆಚ್ಚವನ್ನು ಭರಿಸುವವರಾರು?" ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ, ಉತ್ತರವೂ ಅವರ ಶಾಸ್ತ್ರದಿಂದಲೇ ಬಂದಿದೆ. 2004ರಲ್ಲಿ ವೊಲ್ಫರ್, ವೂರ್ಬೆಲ್ ಮೊದಲಾದವರು ಬರಿದಾದ ಪಂಜರದ ಚಿಟ್ಟಿಲಿಗಳನ್ನೂ ಸಮೃದ್ಧವಾದ ಪಂಜರದ ಚಿಟ್ಟಿಲಿಗಳನ್ನೂ ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿ, ಸಮೃದ್ಧಿಯಿಂದ ಫಲಗಳ ಚದರಿಕೆಯು ಹೆಚ್ಚುವುದಿಲ್ಲವೆಂದು ತೋರಿಸಿದರು. ಲೆಕ್ಕವು ಕೆಡುವುದೆಂಬ ಭಯಕ್ಕೆ ಆಧಾರವಿಲ್ಲವೆಂದಾಯಿತು.

ಲೆಕ್ಕವು ನಿಜವಾಗಿ ಕೆಡುವುದು ಬೇರೊಂದು ಕಡೆಯಲ್ಲಿ. ಚಿಟ್ಟಿಲಿಯ ಮೈಗೆ ಹಿತವಾದ ಬಿಸಿ ಸುಮಾರು 30 ಡಿಗ್ರಿ ಸೆಂಟಿಗ್ರೇಡ್. ಪ್ರಯೋಗಶಾಲೆಯ ಕೋಣೆಯನ್ನು ಅಂಗಿ ತೊಟ್ಟ ಮನುಷ್ಯನಿಗೆ ಹಿತವಾಗುವಂತೆ ಸುಮಾರು 22 ಡಿಗ್ರಿಯಲ್ಲಿ ಇಡುವುದು ರೂಢಿ. ಗೂಡು ಕಟ್ಟಲು ಏನನ್ನೂ ಕೊಡದಿದ್ದರೆ ಆ ಪ್ರಾಣಿಯು ಹಗಲಿರುಳು ಚಳಿಯೊಡನೆ ಹೋರಾಡುತ್ತಲೇ ಬಾಳಬೇಕು. ಇದರಿಂದ ಏನಾಗುವುದೆಂಬುದನ್ನು ಅಮೆರಿಕದ ಬಫಲೋ ನಗರದ ಕ್ಯಾನ್ಸರ್ ಸಂಸ್ಥೆಯೊಂದರಲ್ಲಿ ಎಲಿಜಬೆತ್ ರೆಪಾಸ್ಕಿ ಮತ್ತು ಸಂಗಡಿಗರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಹಿತವಾದ ಬಿಸಿಯಲ್ಲಿದ್ದ ಚಿಟ್ಟಿಲಿಗಳಲ್ಲಿ ಕ್ಯಾನ್ಸರಿನ ಗಡ್ಡೆಗಳು ನಿಧಾನವಾಗಿ ಬೆಳೆದುವು; ರೂಢಿಯ ಚಳಿಯಲ್ಲಿದ್ದವುಗಳಲ್ಲಿ ಬೇಗ ಬೆಳೆದುವು. ಹಾಗಿರಲು, ಒಂದು ಮದ್ದು ಫಲಿಸಿತೇ ಇಲ್ಲವೇ ಎಂದು ಇಲಿಯನ್ನು ಕೇಳುವಾಗ, ಉತ್ತರವನ್ನು ಹೇಳುತ್ತಿರುವುದು ಮದ್ದೋ ಚಳಿಯೋ?

ಇನ್ನೊಂದು ಉದಾಹರಣೆ. ಚಿಟ್ಟಿಲಿಯನ್ನು ಬಾಲ ಹಿಡಿದು ಎತ್ತುವುದು ಬಹುಕಾಲದ ಪದ್ಧತಿ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಎಂಬ ವಿದುಷಿಯರು, ಬಾಲ ಹಿಡಿಸಿಕೊಂಡ ಚಿಟ್ಟಿಲಿಗಳು ಮನುಷ್ಯನ ಕೈಯನ್ನು ಕಂಡರೆ ಹೆದರುವುವೆಂದೂ, ಒಂದು ಸಣ್ಣ ಕೊಳವೆಯಲ್ಲಿ ಹೊಗಿಸಿಯೋ ಬೊಗಸೆಯಲ್ಲಿ ತುಂಬಿಕೊಂಡೋ ಎತ್ತಿದವು ಬೇಗನೆ ಪಳಗುವುವೆಂದೂ ತೋರಿಸಿದರು. 2017ರ ಪರಿಶೀಲನೆಯಂತೆ, ಬಾಲ ಹಿಡಿದು ಒಯ್ದ ಚಿಟ್ಟಿಲಿಗಳು ಪರೀಕ್ಷೆಯಲ್ಲಿ ಅಂಜಿ ಮುದುಡಿ, ತಿಳಿದುದನ್ನೂ ತಿಳಿಯದಂತೆ ನಡೆದುಕೊಂಡುವು. ಕೊಳವೆಯಲ್ಲಿ ಒಯ್ದವು ಅದೇ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದುವು. ಬುದ್ಧಿಯನ್ನು ಅಳೆಯಹೊರಟವರು ಭಯವನ್ನು ಅಳೆದು ಬಂದಿದ್ದರೆಂದು ಇದರಿಂದ ತಿಳಿಯಬೇಕು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆಯುಂಟು; ಇಲ್ಲಿಯಾದರೋ ಇಲಿಯನ್ನು ಹಿಡಿದ ಬಗೆಯಿಂದಲೇ ಬೆಟ್ಟದಷ್ಟು ಶ್ರಮವು ಹಾಳಾಯಿತು.

ಪೊಲೀಸರ ಎದುರಿಗೆ ಆರೋಪಿಯು ಒಪ್ಪಿಕೊಂಡ ಮಾತನ್ನು ನ್ಯಾಯಸ್ಥಾನವು ಅವನ ವಿರುದ್ಧ ಪ್ರಮಾಣವಾಗಿ ಸ್ವೀಕರಿಸುವುದಿಲ್ಲ. ಆರೋಪಿಯ ಮೇಲಣ ಕನಿಕರ ಒಂದೇ ಅದಕ್ಕೆ ಕಾರಣವಲ್ಲ. ಭಯದಿಂದ ಹೊರಟ ಮಾತಿನಲ್ಲಿ ಸತ್ಯವೆಷ್ಟೆಂಬುದನ್ನು ತಿಳಿಯಲು ಆಗದಿರುವುದೂ ಕಾರಣ. ಇಲಿಯೂ ಮಾನವಕುಲದ ರೋಗಗಳ ವ್ಯಾಜ್ಯದಲ್ಲಿ ಕರೆತಂದ ಸಾಕ್ಷಿ. ಚಳಿಯಿಂದಲೂ ಭಯದಿಂದಲೂ ನೋವಿನಿಂದಲೂ ನಡುಗುವ ಸಾಕ್ಷಿಯ ಮಾತನ್ನು ನಂಬಿ ಮದ್ದನ್ನು ಸಿದ್ಧಮಾಡಿದರೆ, ಆ ತಪ್ಪಿನ ಫಲವನ್ನು ಉಣ್ಣುವವನು ಕೊನೆಗೆ ಹಾಸಿಗೆ ಹಿಡಿದ ರೋಗಿ. ಆದುದರಿಂದ ಇಲಿಗೆ ಕೊಟ್ಟ ಒಂದು ಹಿಡಿ ಕಾಗದದ ಚೂರು ಇಲಿಗೆ ಮಾತ್ರ ಕೊಟ್ಟುದಲ್ಲ. ವೆಚ್ಚದ ಮಾತಾದರೋ ಹೇಳುವುದೇ ಬೇಡ: ಗೂಡಿಗೆ ಬೇಕಾದುದು ಕಾಗದದ ಚೂರು, ಎತ್ತಲು ಬೇಕಾದುದು ತೊಳೆದು ಮತ್ತೆ ಬಳಸಬಹುದಾದ ಒಂದು ಕೊಳವೆ. ಕೆಟ್ಟುಹೋದ ಒಂದು ಪ್ರಯೋಗವನ್ನು ಮರಳಿ ಮಾಡಲು ತಗಲುವ ಹಣದ ಮುಂದೆ ಇವು ಯಾವ ಲೆಕ್ಕ?

ಮೂರನೆಯ ಪಕ್ಷದವರು ಪ್ರಯೋಗವನ್ನೇ ನಿಲ್ಲಿಸಿರೆನ್ನುವವರು. ಅವರ ಹಂಬಲವನ್ನು ಹಗುರವಾಗಿ ಕಾಣುವಂತಿಲ್ಲ. ಕೆಲವು ಕಡೆ ಅದು ಕೈಗೂಡಿಯೂ ಇದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಮೂರು ಸೂತ್ರಗಳನ್ನು ಲೋಕದ ಮುಂದಿಟ್ಟರು: ಪ್ರಾಣಿಯ ಬದಲು ಬೇರೆ ಸಾಧನವಿದ್ದಲ್ಲಿ ಅದನ್ನೇ ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ಉಳಿದವುಗಳ ನೋವನ್ನು ಕಡಮೆಮಾಡುವುದು. ಗುಂಪಿನ ಅರ್ಧಪಾಲು ಸಾಯುವವರೆಗೆ ವಿಷವುಣಿಸಿ ಅದರ ಪ್ರಮಾಣವನ್ನು ಗೊತ್ತುಮಾಡುವ, 1927ರಲ್ಲಿ ಟ್ರೆವನ್ ಎಂಬುವನು ರೂಪಿಸಿದ ಪರೀಕ್ಷೆಯ ಹಳೆಯ ವಿಧಾನವನ್ನು ಅಂತರರಾಷ್ಟ್ರೀಯ ಪರೀಕ್ಷಾಕ್ರಮಗಳ ಪಟ್ಟಿಯಿಂದ 2002ರಲ್ಲಿ ತೆಗೆದುಹಾಕಲಾಯಿತು. 2014ರಲ್ಲಿ ಭಾರತವು ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ತುಟಿಯ ಬಣ್ಣಕ್ಕಾಗಿ ಇಲಿಯ ಪ್ರಾಣವನ್ನು ತೆಗೆಯಬೇಕಾಗಿಲ್ಲವೆಂದು ಒಪ್ಪಿದುದು ಸಣ್ಣ ವಿಜಯವಲ್ಲ. ಆದರೆ ಮೂರು ಸೂತ್ರಗಳಲ್ಲಿ ಮೊದಲನೆಯದನ್ನೇ ಜಪಿಸುತ್ತ ಮೂರನೆಯದನ್ನು ಮರೆಯುವವರಿಗೆ ಒಂದು ಮಾತು ಕೇಳಬೇಕಾಗಿದೆ. ಸಕಲ ರೋಗಗಳಿಗೂ ಇಲಿಯಿಲ್ಲದ ಪರೀಕ್ಷೆಯು ದೊರೆಯುವ ದಿನವು ಬರಲಿ; ಅಲ್ಲಿಯವರೆಗೆ ಚಿಟ್ಟಿಲಿಯ ಎಷ್ಟು ತಲೆಮಾರುಗಳು ಕಳೆಯಬೇಕು? ಅದರ ಬಾಳು ಹೆಚ್ಚೆಂದರೆ ಎರಡು ಮೂರು ವರ್ಷ. ಮುಂದಿನ ಶತಮಾನದ ಮುಕ್ತಿಯು ಈ ರಾತ್ರಿಯ ಚಳಿಯನ್ನು ಕಳೆಯಲಾರದು.

ಆದುದರಿಂದ ಮಾಡಬೇಕಾದ ಕಾರ್ಯವು ಸ್ಪಷ್ಟವಾಗಿದೆ. ಪ್ರತಿಯೊಂದು ಪಂಜರದಲ್ಲಿಯೂ ಗೂಡು ಕಟ್ಟುವ ಸಾಮಗ್ರಿಯೂ ಅಡಗುವ ತಾಣವೂ ಇರತಕ್ಕದ್ದು. ದೊಡ್ಡ ಇಲಿಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿರತಕ್ಕದ್ದು. ಬಾಲ ಹಿಡಿದು ಎತ್ತುವ ಪದ್ಧತಿಯು ನಿಲ್ಲತಕ್ಕದ್ದು. ಶಸ್ತ್ರಕ್ರಿಯೆಯ ಕಾಲದಲ್ಲಿ ಅರಿವಳಿಕೆಯನ್ನು ಕೊಟ್ಟರೆ ಸಾಲದು; ತರುವಾಯದ ನೋವನ್ನೂ ಮುಖಚರ್ಯೆಯಿಂದ ಓದಿ, ಮದ್ದು ಕೊಟ್ಟು, ದಾಖಲೆಯಲ್ಲಿ ಬರೆದಿಡಬೇಕು. ಬ್ರಿಟನ್ನಿನಲ್ಲಿ ಪ್ರಯೋಗಗಳ ಸಂಖ್ಯೆಯನ್ನು ವರ್ಷವರ್ಷವೂ ಪ್ರಾಣಿಯ ಜಾತಿವಾರಾಗಿ ಪ್ರಕಟಿಸುವಂತೆ, ಇಲ್ಲಿಯೂ ಇಲಿಗಳ ಲೆಕ್ಕವು ಸಾಮಾನ್ಯ ಓದುಗನ ಕೈಗೆ ವರ್ಷವರ್ಷವೂ ಸಿಕ್ಕಬೇಕು. ಹಗಲಿರುಳು ಹಾಸನ್ನು ಬದಲಿಸಿ ನೀರುಣಿಸುವ ಪಾಲಕನಿಗೆ ತಕ್ಕ ಶಿಕ್ಷಣವೂ ತಕ್ಕ ಸಂಬಳವೂ ದೊರೆಯಬೇಕು; ಪಂಡಿತರ ಪ್ರಬಂಧಗಳಲ್ಲಿ ಅವನ ಹೆಸರು ಬಾರದಿದ್ದರೂ ಅವುಗಳ ಸತ್ಯವು ಅವನ ಕೈಯ ಮೃದುತ್ವವನ್ನು ಆಶ್ರಯಿಸಿದೆ.

ಇದರಲ್ಲಿ ಗೃಹಸ್ಥರಿಗೇನು ಕೆಲಸವೆಂದು ವಾಚಕರು ಕೇಳಬಹುದು. 1998ರ ನಿಯಮಗಳಂತೆ ಏರ್ಪಡುವ ಸಂಸ್ಥೆಗಳ ನೀತಿಸಮಿತಿಯಲ್ಲಿ ಶಾಸ್ತ್ರಜ್ಞರ ಜೊತೆಗೆ ಶಾಸ್ತ್ರಜ್ಞನಲ್ಲದ, ಸಮಾಜದ ಅರಿವುಳ್ಳ ಒಬ್ಬ ಸದಸ್ಯನಿಗೂ ಸ್ಥಾನವುಂಟು. ಆ ಕುರ್ಚಿಯು ಯಾವ ಪಂಡಿತನಿಗೂ ಮೀಸಲಲ್ಲ. ಮೇಷ್ಟರು, ವಕೀಲರು, ಗೃಹಿಣಿಯರು, ನಿವೃತ್ತರಾದ ಗುಮಾಸ್ತರು, ಇಂತಹವರಿಗಾಗಿಯೇ ಅದನ್ನು ಹಾಕಿದೆ. ಅಲ್ಲಿ ಕುಳಿತವರು ಸಹಿ ಹಾಕಿ ಚಹಾ ಕುಡಿದು ಏಳಬಹುದು. ಇಲ್ಲವೆ, ಇಲಿಗಳನ್ನು ಎತ್ತುವುದು ಹೇಗೆ, ಅವುಗಳಿಗೆ ಗೂಡುಂಟೇ, ಇಷ್ಟೊಂದು ಇಲಿಗಳೇತಕ್ಕೆ, ನೋವಿಗೆ ಮದ್ದೇನು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಆ ಪ್ರಶ್ನೆಗಳಿಗೆ ಪಾಂಡಿತ್ಯವು ಬೇಕಾಗಿಲ್ಲ. ಪ್ರಯೋಗಶಾಲೆಗಳಲ್ಲಿ ಓದುತ್ತಿರುವ ಮಕ್ಕಳು ರಜಕ್ಕೆ ಮನೆಗೆ ಬಂದಾಗ ತಂದೆತಾಯಿಗಳೂ ಇವನ್ನೇ ಕೇಳಬಹುದು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ. ಪ್ರಯೋಗಶಾಲೆಯಲ್ಲಿ ಬೆಕ್ಕೂ ಇಲ್ಲ, ಚೆಲ್ಲಾಟವೂ ಇಲ್ಲ. ಅಲ್ಲಿರುವವರು ಬಹುಮಟ್ಟಿಗೆ ಸಜ್ಜನರು, ರೋಗಿಯ ಹಿತವನ್ನು ಬಯಸುವವರು. ಇಲಿಯ ಸಂಕಟವು ಹುಟ್ಟುವುದು ಅವರ ದ್ವೇಷದಿಂದಲ್ಲ, ಹಿಂದಿನಿಂದ ಹೀಗೆಯೇ ನಡೆದುಬಂದಿದೆಯೆಂಬ ರೂಢಿಯಿಂದ. ದ್ವೇಷವನ್ನು ಗೆಲ್ಲಲು ಧರ್ಮಯುದ್ಧವೇ ಬೇಕಾದೀತು. ರೂಢಿಯನ್ನು ಮುರಿಯಲು, ಕೇಳುವವರು ಇದ್ದರೆ ಸಾಕು.